ಎಕ್ಸ್‌ಟೆನ್ಶನ್ ಇಲ್ಲದ ಹಳೆಯ ಫೈಲ್‌ಗಳು: ಯಾವುದರಲ್ಲಿ ತೆರೆಯಲಿ?

ಕೆರೆಏರಿ: ನಮ್ಮ ತಂದೆ ಊರೂರು ಅಲೆದು ಕೆರೆಗಳ ಹೆಸರು, ತೂಬು, ಕೋಡಿಗಳ ವಿವರ ಬರೆದಿಟ್ಟಿದ್ದರು. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ ಸಿ.ಡಿ.ಗೆ ಹಾಕಿಸಿಕೊಂಡಿದ್ದರು. ಕೈಬರಹ ಉಳಿದಿಲ್ಲ. ಸಿ.ಡಿ.ಯಲ್ಲಿ ಕೆರೆ1, ಕೆರೆ2, ಕೋಡಿ ಎಂಬ ಮೂರು ಫೈಲ್‌ಗಳಿವೆ. ಯಾವುದಕ್ಕೂ ಎಕ್ಸ್‌ಟೆನ್ಶನ್ ಇಲ್ಲ. ಯಾವುದರಲ್ಲಿ ತೆರೆಯಬೇಕೆಂದು ವಿಂಡೋಸ್ ನನ್ನನ್ನೇ ಕೇಳುತ್ತದೆ.

ಮೊಳೆಜೋಡಕ: ಮೊದಲು ನಕಲು ಮಾಡಿಕೊಳ್ಳಿ, ನಕಲಿನ ಮೇಲಷ್ಟೇ ಕೆಲಸ ಮಾಡಿ. ಎಕ್ಸ್‌ಟೆನ್ಶನ್ ಎಂಬುದು ಹೆಸರಿನ ತುದಿ, ಅಷ್ಟೇ. ಬಹಳಷ್ಟು ಫೈಲ್‌ಗಳ ನಿಜವಾದ ಗುರುತು ಮೊದಲ ಕೆಲವು ಬೈಟ್‌ಗಳಲ್ಲಿರುತ್ತದೆ. ಹೆಕ್ಸ್ ಎಡಿಟರ್‌ನಲ್ಲಿ (ಫೈಲಿನ ಬೈಟ್‌ಗಳನ್ನು ಇದ್ದಂತೆಯೇ ತೋರಿಸುವ ತಂತ್ರಾಂಶ) ತೆರೆದು ಮೊದಲ ಸಾಲನ್ನು ಇಲ್ಲಿ ಬರೆಯಿರಿ. ‘ಎಂಝಡ್’ ಎಂದು ಶುರುವಾದರೆ ಅದು ವಿಂಡೋಸ್ ಪ್ರೋಗ್ರಾಂ ಇದ್ದೀತು, ಓಡಿಸಬೇಡಿ.

ಕೆರೆಏರಿ: ಕೆರೆ1ರಲ್ಲಿ ಡಿ0 ಸಿಎಫ್ 11 ಇ0. ಕೆರೆ2ರಲ್ಲಿ ‘ಪಿಕೆ’. ಕೋಡಿಯಲ್ಲಿ ಉದ್ದಕ್ಕೂ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು.

ಪೆಂಗ್ವಿನ್‌ಪ್ರಿಯ: ಲಿನಕ್ಸ್ ಇದ್ದರೆ ಟರ್ಮಿನಲ್‌ನಲ್ಲಿ ‘ಫೈಲ್’ ಆದೇಶ ಕೊಡಿ, ಫೈಲ್ ಯಾವ ಬಗೆಯದೆಂದು ಅದೇ ಹೇಳುತ್ತದೆ. ಯುನಿಕ್ಸ್‌ನಲ್ಲಿ 1973ರಿಂದಲೂ ಇರುವ ಸಾಧನ ಅದು. ವಿಂಡೋಸ್‌ಗೆ ಅದೇ ಕೆಲಸ ಮಾಡುವ ಟ್ರಿಡ್ ಇದೆ.

ಮೊಳೆಜೋಡಕ: ಕೆರೆ1 ಬಹುತೇಕ ಹಳೆಯ ವರ್ಡ್ ಫೈಲ್. ಆದರೆ 97ರಿಂದ 2003ರವರೆಗಿನ ಎಕ್ಸೆಲ್, ಪವರ್‌ಪಾಯಿಂಟ್‌ಗಳಿಗೂ ಇದೇ ಗುರುತು. ಲಿಬ್ರೆಆಫೀಸ್‌ನಲ್ಲಿ ತೆರೆದು ನೋಡಿ. ಕೆರೆ2 ಜಿಪ್. ಡಾಕ್ಸ್ (ಹೊಸ ಬಗೆಯ ವರ್ಡ್ ಫೈಲ್), ಓಡಿಟಿ (ಲಿಬ್ರೆಆಫೀಸ್‌ನ ಪಠ್ಯ ಫೈಲ್) ಇವೂ ಒಳಗೆ ಜಿಪ್ ಆಗಿರುವುದರಿಂದ 7-ಜಿಪ್‌ನಲ್ಲಿ ತೆರೆದು ಒಳಗೇನಿದೆ ಎಂದು ನೋಡಿ. ‘ವರ್ಡ್’ ಎಂಬ ಫೋಲ್ಡರ್ ಕಂಡರೆ ಡಾಕ್ಸ್.

ನನ್ನ ಮನಸ್ಸು ನಿಂತಿರುವುದು ಕೋಡಿಯ ಮೇಲೆ. ಸಾದಾ ಪಠ್ಯಕ್ಕೆ ಇಂಥ ಗುರುತು ಇರುವುದಿಲ್ಲ, ಹಾಗಾಗಿ ಯಾವ ಸಾಧನವೂ ‘ಇದು ಪಠ್ಯ’ ಎನ್ನುವುದರಾಚೆ ಹೆಚ್ಚು ಹೇಳಲಾರದು. ಕನ್ನಡ ಬಲ್ಲವರೇ ಪತ್ತೆ ಹಚ್ಚಬೇಕು. ಯೂನಿಕೋಡ್ (ಎಲ್ಲ ಭಾಷೆಗಳಿಗೂ ಒಂದೇ ಆದ ಇಂದಿನ ಅಕ್ಷರಸಂಕೇತ) ಕನ್ನಡವಾಗಿದ್ದರೆ, ಅದನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ವಿಧಾನದಲ್ಲಿ ‘ಇ0 ಬಿ2’, ‘ಇ0 ಬಿ3’ ಜೋಡಿಗಳು ಸಾಲುಸಾಲಾಗಿ ಕಾಣುತ್ತಿದ್ದವು. ನಿಮಗೆ ಕಾಣುತ್ತಿರುವುದು ಲ್ಯಾಟಿನ್ ಅಕ್ಷರಗಳು. ಆ ಕಾಲದ ಡಿಟಿಪಿ ಎಂದರೆ ನುಡಿ, ಬರಹ, ಶ್ರೀಲಿಪಿ. ಅವು ಲ್ಯಾಟಿನ್ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಮೊದಲು ನುಡಿಯ ಇಂಥ ಹಳೆಯ ಫಾಂಟ್ (‘ಆಸ್ಕಿ’ ಫಾಂಟ್ ಎನ್ನುತ್ತಾರೆ) ಹಚ್ಚಿ ನೋಡಿ. ಓದಲು ಬಂದರೆ ಯೂನಿಕೋಡ್‌ಗೆ ಪರಿವರ್ತಿಸಿ.

ಪರಿವರ್ತನೆಯ ಬಳಿಕ ಅರ್ಕಾವೊತ್ತನ್ನು ಒಂದೊಂದಾಗಿ ನೋಡಿ. ಆಸ್ಕಿಯಲ್ಲಿ ಅದು ಅಕ್ಷರದ ನಂತರ ಇರುತ್ತದೆ, ಯೂನಿಕೋಡ್‌ನಲ್ಲಿ ಮುಂಚೆ ಬರಬೇಕು. ದುರ್ಗ, ತೀರ್ಥ ಎಂದು ಮುಗಿಯುವ ಹೆಸರುಗಳೇ ಕೆಡುವುದು. ನಿಮ್ಮ ತಂದೆಯವರ ಜೊತೆ ಕೆರೆ ಸುತ್ತಿದವರು ಯಾರಾದರೂ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಓದಿ.