ಎಸ್ಸೆಸ್ಸೆಲ್ಸಿ 1976, ಕೋಲಾರ

ನಾಗರಾಜ: (ಫಾರ್ವರ್ಡ್) ಗಂಡಸರೇ ಎಚ್ಚರ! 60 ದಾಟಿದ ಮೇಲಿನ ಮರೆವಿಗೆ ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ಇಳಿದಿದ್ದೇ ಕಾರಣ. ಜೆಲ್ ಹಚ್ಚಿ, ನೆನಪು ವಾಪಸ್ ಪಡೆಯಿರಿ. 10 ಜನಕ್ಕೆ ಕಳಿಸಿ.

ವೆಂಕಟೇಶ: ಸ್ಕೂಟರ್ ಕೀ ಫ್ರಿಜ್ಜಲ್ಲಿಟ್ಟೋನಿಗೆ ಇದು ಬೇಕೇ ಬೇಕು 😂

ಡಾ. ಸುರೇಶ: ನಾಗ, ಅಮೆರಿಕದಲ್ಲಿ ಹಚ್ಚಿ ನೋಡಾಯ್ತು ಕಣೋ. 65 ದಾಟಿದ, ಮರೆವು ಶುರುವಾಗಿದ್ದ 493 ಗಂಡಸರು. ಅರ್ಧ ಜನಕ್ಕೆ ಮದ್ದು, ಉಳಿದೋರಿಗೆ ಖಾಲಿ ಜೆಲ್. ಒಂದು ವರ್ಷ. 2017ರಲ್ಲಿ ಫಲಿತಾಂಶ ಬಂತು, ನೆನಪಲ್ಲಿ ವ್ಯತ್ಯಾಸ ಇಲ್ಲ. ಅದೇ ಪ್ರಯೋಗದ ಇನ್ನೊಂದು ಭಾಗದಲ್ಲಿ, ಮದ್ದಿನ ಜೆಲ್ ಹಚ್ಚಿದೋರಿಗೆ ಹೃದಯದ ರಕ್ತನಾಳದೊಳಗೆ ಕಟ್ಟಿಕೊಂಡ ಕೊಬ್ಬು ಹೆಚ್ಚಾಗಿತ್ತು.

ನಾಗರಾಜ: ಹಾಗಾದ್ರೆ ಅವಳಿ ಸೈನಿಕರದ್ದು? ವಿಯೆಟ್ನಾಂ ಯುದ್ಧದ ಕಾಲದೋರು. ಹಾರ್ಮೋನ್ ಕಮ್ಮಿ ಇದ್ದು, ಇ4 ಜೀನೂ ಇದ್ದೋರಿಗೆ ಹಿಪ್ಪೊಕ್ಯಾಂಪಸ್, ಅದೇ ಮೆದುಳಲ್ಲಿ ನೆನಪಿನ ಭಾಗ, ಸಣ್ಣದಾಗಿತ್ತಲ್ಲ. ನಾನೂ ಓದ್ತೀನಪ್ಪ.

ಡಾ. ಸುರೇಶ: ನಿಜ. ಎರಡೂ ಒಟ್ಟಿಗೆ ಇದ್ದೋರಲ್ಲಿ ಕಂಡಿದ್ದು ಅದು. ಆದ್ರೆ ಕಮ್ಮಿ ಇದ್ದದ್ದನ್ನ ಅಳೆದ್ರು ಅಷ್ಟೇ, ತುಂಬಿಸಿ ನೋಡ್ಲಿಲ್ಲ. ಬೋರ್‌ವೆಲ್ ಒಣಗಿದೆ ಅಂತ ಟ್ಯಾಂಕರ್ ನೀರು ಸುರಿದ್ರೆ ಅಂತರ್ಜಲ ಬರತ್ತಾ?

ವೆಂಕಟೇಶ: ಇ4 ಯಾವ್ದು ಮಾರಾಯಾ, ಬಸ್ ನಂಬರ್ರಾ?

ಡಾ. ಸುರೇಶ: ಎಪಿಒಇ ಅನ್ನೋ ಜೀನಿನ ಒಂದು ನಮೂನೆ. ಅಪ್ಪನ ಕಡೆಯಿಂದಲೋ ಅಮ್ಮನ ಕಡೆಯಿಂದಲೋ ಒಂದು ಬಂದ್ರೆ ಆಲ್‌ಝೈಮರ್ ಅಪಾಯ ಜಾಸ್ತಿ, ಎರಡೂ ಕಡೆಯಿಂದ ಬಂದ್ರೆ ಇನ್ನೂ ಜಾಸ್ತಿ. ಇದ್ದೋರಿಗೆಲ್ಲ ಕಾಯಿಲೆ ಬರಲ್ಲ, ಇಲ್ದೋರಿಗೂ ಬರತ್ತೆ. ಡಿಎನ್‌ಎ ರಚನೆ ಹೇಳಿದ ವಾಟ್ಸನ್ನೇ 2007ರಲ್ಲಿ ತನ್ನ ಜೀನೋಮೆಲ್ಲ ಬಿಚ್ಚಿಟ್ಟು, ಇದೊಂದನ್ನ ಮಾತ್ರ ತೋರಿಸ್ಬೇಡಿ ಅಂದ.

ನಾಗರಾಜ: ನಾನು ನೋಡ್ಬಿಟ್ಟೆ. ಮಗ ಕಿಟ್ ಕಳಿಸಿದ್ದ. ಒಂದು ಇದೆ.

ನಾಗರಾಜ: ಅಪ್ಪ ಕೊನೆಕೊನೆಗೆ ಟವೆಲ್ ಹೆಗಲಿಗೆ ಹಾಕ್ಕೊಂಡು ರೇಷ್ಮೆಗೂಡಿನ ಮಾರ್ಕೆಟ್‌ಗೆ ಹೊರಟ್ಬಿಡೋರು. ಹುಳ ಸಾಕೋದು ಬಿಟ್ಟೇ ಹನ್ನೊಂದು ವರ್ಷ ಆಗಿತ್ತು. ನನ್ನನ್ನೇ "ಏನ್ ಸ್ವಾಮಿ, ಇವತ್ತು ರೇಟೆಷ್ಟು?" ಅನ್ನೋರು.

ಗಿರಿಜಾ: ಜೆಲ್ ತರಿಸ್ಬಿಟ್ಟಿದೀಯಾ?

ನಾಗರಾಜ: ಎರಡು ಟ್ಯೂಬ್.

ಡಾ. ಸುರೇಶ: ಬಿಚ್ಚಬೇಡ. ಮೊಮ್ಮಗಳನ್ನ ಎತ್ಕೋತೀಯ, ಚರ್ಮ ತಾಗಿದ್ರೆ ಮಗುಗೂ ಹತ್ತತ್ತೆ ಅದು. ಮೊದ್ಲು ಬಿ12, ಥೈರಾಯ್ಡ್, ಶುಗರ್ ನೋಡ್ಸು. ಕಿವೀನೂ. ಕೇಳಿಸ್ದೇ ಇದ್ದದ್ದನ್ನ ನೆನಪಿಟ್ಕೊಳ್ಳೋದೆಲ್ಲಿಂದ? ಹಾರ್ಮೋನ್ ನೋಡಲೇಬೇಕು ಅಂದ್ರೆ ಬೆಳಗ್ಗೆ ಹೊತ್ತು, ಬೇರೆ ಬೇರೆ ದಿನ ಎರಡು ಸಲ.

ವೆಂಕಟೇಶ: ನಮ್ಮ ಷಡ್ಡಕ ಶ್ರೀನಿವಾಸಪುರದ ಕಡೆಯೋನು. ಐಐಎಸ್ಸಿಯ ಮೆದುಳು ಸಂಶೋಧನಾ ಕೇಂದ್ರದೋರು ಅಲ್ಲಿ ಹಳ್ಳಿಹಳ್ಳೀಲಿ 45 ದಾಟಿದೋರ ರಕ್ತ, ನೆನಪು ಎಲ್ಲ ಪರೀಕ್ಷೆ ಮಾಡ್ತಿದಾರೆ. ನಮ್ಮ ಜಿಲ್ಲೆ ಲೆಕ್ಕ ನಮ್ಮಲ್ಲೇ ಸಿಗತ್ತೆ, ವಿಯೆಟ್ನಾಂ ಯಾಕೋ?

ಗಿರಿಜಾ: ಅದಿರ್ಲಿ. ನಾಗ, ಆ ಫಾರ್ವರ್ಡು ಇನ್ನೆಷ್ಟು ಜನಕ್ಕೆ ಹೋಗಿದೆ?

ನಾಗರಾಜ: ಒಂಬತ್ತು. ಹತ್ತನೇದು ಈ ಗ್ರೂಪು.

ವೆಂಕಟೇಶ: ಯಾರ್ಯಾರಿಗೆ ಅಂತ ನೆನಪಿದೆಯಾ?

ನಾಗರಾಜ: ಚೆನ್ನಾಗಿ ನೆನಪಿದೆ. ಮೊದಲನೇದು ಬೀಗರಿಗೆ.