ಸಹಾಯ ಬೇಕು: ಬಸ್ಸಿನಲ್ಲಿ ಅಂಬಲಿ ಚೆಲ್ಲದ ಹಾಗೆ ಒಯ್ಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತೇನೆ. ಸುಮಾರು 60 ಕಿಲೋಮೀಟರ್ ದಾರಿ. ದವಡೆ ಹಲ್ಲು ತೆಗೆಸಿರುವುದರಿಂದ ಸದ್ಯ ಅಗಿಯುವ ಊಟ ಆಗುವುದಿಲ್ಲ. ಮಧ್ಯಾಹ್ನಕ್ಕೆ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ, ಇಲ್ಲಾಂದ್ರೆ ತೆಳ್ಳಗಿನ ಬೇಳೆಕಟ್ಟು ಒಯ್ಯುತ್ತೇನೆ.

ಬೇಳೆಕಟ್ಟಿನದು ಅಷ್ಟು ಕಾಟವಿಲ್ಲ. ಸ್ವಲ್ಪ ಆರಿಸಿ ಮುಚ್ಚಿದರೆ ಆಯ್ತು. ಬಿಸಿ ಬಿಸಿ ಮುಚ್ಚಿದರೆ ಆವಿ ಒಳಗೇ ತಣಿದು, ಊಟದ ಹೊತ್ತಿಗೆ ಮುಚ್ಚಳ ಹಿಡಿದುಕೊಂಡು ಬಿಡುತ್ತದೆ. ಅಂಬಲಿಯದೇ ಕಷ್ಟ. ಸೆಕೆಗೆ ಅದು ದಾರಿಯಲ್ಲೇ ಹುಳಿಯುತ್ತದೆ, ಒಳಗೆ ಗಾಳಿ ತುಂಬುತ್ತದೆ. ಬಸ್ಸು ಕುಲುಕಿದಾಗ ತಿರುಪಿನ ಸಂದಿಯಿಂದ ಸಣ್ಣಗೆ ಜಿನುಗಿ ಬುತ್ತಿಚೀಲದ ತಳ ಸೇರುತ್ತದೆ. ಮುಚ್ಚಳದೊಳಗಿನ ರಬ್ಬರ್ ಉಂಗುರದ ಕೆಳಗೆ ರಾಗಿ ಗಸಿ ಕೂತು, ಎಷ್ಟು ತೊಳೆದರೂ ಹುಳಿ ವಾಸನೆ ಹೋಗುವುದಿಲ್ಲ.

ಥರ್ಮಾಸ್ ಬೇಡ ಅನಿಸುತ್ತದೆ. ಹುಳಿಯುವ ಪದಾರ್ಥವನ್ನು ಅಷ್ಟು ಬಿಗಿಯಾಗಿ ಮುಚ್ಚಿಡುವುದು ಸರಿಯಲ್ಲ, ಅಲ್ವಾ? ಹಿತ್ತಾಳೆ, ಅಲ್ಯೂಮಿನಿಯಂ ಮಜ್ಜಿಗೆಗೆ ಆಗಿಬರುವುದಿಲ್ಲ. ಸ್ಟೀಲೇ ಬೇಕು.

ಉಂಗುರ ಬಿಚ್ಚಿ ತೊಳೆಯುವಂಥ, ಪಕ್ಕದಲ್ಲಿ ಕೊಂಡಿ ಇರುವ ಸ್ಟೀಲ್ ಡಬ್ಬಿ ದಾವಣಗೆರೆಯಲ್ಲಿ ಎಲ್ಲಿ ಸಿಗುತ್ತದೆ? ಮಂಡಿಪೇಟೆ ಕಡೆ ನೋಡಲೇ? ಉಂಗುರ ಮಾತ್ರ ಬಿಡಿಯಾಗಿ ಸಿಗುತ್ತದೆಯೇ? ಗಂಜಿಯನ್ನು ಗಟ್ಟಿಯಾಗಿ ಒಯ್ದು, ಮಜ್ಜಿಗೆ ಅಲ್ಲೇ ಬೆರೆಸಿಕೊಳ್ಳುವವರು ಯಾರಾದರೂ ಇದ್ದೀರಾ? ಗಂಟಾಗದ ಹಾಗೆ ಹೇಗೆ ಕಲಸುತ್ತೀರಿ, ದಯವಿಟ್ಟು ಅದನ್ನೂ ಹೇಳಿ.