ಹಳೆಯ ಕಂಬೈನ್ ಹಾರ್ವೆಸ್ಟರ್‌ಗೆ ಹಿಂದಿನ ಗಾಲಿಗಳ ಚಾಲನೆ ಅಳವಡಿಸಿದರೆ ಕೆಸರು ಗದ್ದೆಯಲ್ಲಿ ಎಷ್ಟು ಪ್ರಯೋಜನ?

ಪ್ರಶ್ನೆ (ಹಳೆಯ ಯಂತ್ರದ ಮಾಲೀಕ):

ಎಲ್ಲರಿಗೂ ನಮಸ್ಕಾರ. ನಮ್ಮದು ಹೈಡ್ರೋಸ್ಟ್ಯಾಟಿಕ್ ಚಾಲನೆಯ, ಅಂದರೆ ಪಂಪ್ ಒತ್ತುವ ಆಯಿಲ್‌ನಿಂದ ಗಾಲಿ ನಡೆಯುವ, ಹಳೆಯ ಕಂಬೈನ್. ಎಂಜಿನ್, ಒಕ್ಕುವ ಡ್ರಮ್, ಜರಡಿ ಎಲ್ಲವೂ ಸುಸ್ಥಿತಿಯಲ್ಲಿರುವುದರಿಂದ ಇದನ್ನು ಕೊಟ್ಟು ಹೊಸದನ್ನು ಕೊಳ್ಳುವ ಆಲೋಚನೆ ನಮಗಿಲ್ಲ. ಆದರೆ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದುಕೊಂಡರೆ ಮುಂದಿನ ದೊಡ್ಡ ಗಾಲಿಗಳು ಹೇಗೋ ದಾಟಿದರೂ ಹಿಂದಿನ ಸಣ್ಣ ಗಾಲಿಗಳು ಹೂತುಕೊಂಡು, ಕೆಸರನ್ನು ತಮ್ಮ ಮುಂದೆ ಗುಡ್ಡೆ ಹಾಕುತ್ತಾ ಸಾಗುತ್ತವೆ. ಬದುವಿನ ಬಳಿ ತಿರುಗುವಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ಆ ಗಾಲಿಗಳು ಅಡ್ಡವಾಗಿ ನಿಂತು ಜಾರುತ್ತವೆಯೇ ಹೊರತು ಯಂತ್ರ ತಿರುಗುವುದಿಲ್ಲ. ಹಿಂದಿನ ಗಾಲಿಗಳಿಗೆ ಹೈಡ್ರಾಲಿಕ್ ಮೋಟಾರ್ ಕೂರಿಸಿದರೆ ಈ ತೊಂದರೆ ನೀಗುತ್ತದೆಯೇ, ಈಗಿರುವ ಪಂಪ್ ಆ ಹೆಚ್ಚಿನ ಕೆಲಸವನ್ನು ತಾಳಿಕೊಳ್ಳುತ್ತದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ (ಗುತ್ತಿಗೆ ಕೊಯ್ಲುಗಾರ):

ಪ್ರಯೋಜನ ಖಂಡಿತ ಇದೆ, ಆದರೆ ಅದು ಎಲ್ಲಿಂದ ಬರುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊಂಡೇ ಹಣ ಹಾಕಿ. ಕಂಬೈನ್‌ನ ಭಾರದ ಬಹುಪಾಲು ಮುಂದಿನ ಆಕ್ಸಲ್ ಮೇಲಿರುತ್ತದೆ. ಬೆಳೆ ಕತ್ತರಿಸುವ ಹೆಡರ್ ಮುಂದೆ ತೂಗುತ್ತದೆ, ಟ್ಯಾಂಕ್ ತುಂಬಿದಂತೆ ಧಾನ್ಯದ ಭಾರವೂ ಹೆಚ್ಚಾಗಿ ಅತ್ತಲೇ ಬೀಳುತ್ತದೆ. ಹಗುರವಾಗಿರುವ ಹಿಂದಿನ ಗಾಲಿಗಳಿಗೆ ಎಷ್ಟೇ ಶಕ್ತಿ ಕೊಟ್ಟರೂ ಅವು ನೆಲವನ್ನು ಕಚ್ಚಿ ಹಿಡಿಯುವುದಕ್ಕೆ ಒಂದು ಮಿತಿಯಿದೆ.

ಒಂದು ಲೆಕ್ಕ ನೋಡೋಣ. ಹಿಂದಿನ ಆಕ್ಸಲ್ ಮೇಲೆ 4 ಟನ್ ಭಾರವಿದೆ ಎಂದುಕೊಳ್ಳಿ. ಮೆತ್ತನೆಯ ಕೆಸರಿನಲ್ಲಿ ಗಾಲಿ ಉರುಳಲು ಬೇಕಾಗುವ ಬಲ ಅದರ ಮೇಲಿನ ಭಾರದ ಐದನೇ ಒಂದು ಭಾಗದಷ್ಟಿದ್ದರೂ ಸುಮಾರು 800 ಕೆಜಿ ತೂಕಕ್ಕೆ ಸಮನಾದ ಎಳೆತವಾಯಿತು, ಮತ್ತು ಈಗ ಅಷ್ಟನ್ನೂ ನಿಮ್ಮ ಮುಂದಿನ ಗಾಲಿಗಳೇ ಭರಿಸುತ್ತಿವೆ. ಹಿಂದಿನ ಗಾಲಿಗಳು ತಾವಾಗಿಯೇ ಉರುಳತೊಡಗಿದರೆ ಮೊದಲು ಆ ಹೊರೆ ಇಳಿಯುತ್ತದೆ, ಅದರ ಮೇಲೆ ಸಿಗುವ ತಳ್ಳುವ ಬಲ ಸ್ವಲ್ಪವೇ. ನನ್ನ ಅನುಭವದಲ್ಲಿ ನಿಜವಾದ ಲಾಭ ಕಾಣುವುದು ನೀವು ಹೇಳಿದ ತಿರುವಿನಲ್ಲಿ. ಅಡ್ಡವಾಗಿ ನಿಂತು ಕೆಸರನ್ನು ಕೆರೆಯುತ್ತಿದ್ದ ಗಾಲಿ, ತಾನು ಮುಖ ಮಾಡಿದ ದಿಕ್ಕಿಗೇ ಯಂತ್ರದ ಹಿಂಭಾಗವನ್ನು ಎಳೆದುಕೊಂಡು ಹೋಗುತ್ತದೆ.

ಉತ್ತರ (ಹೈಡ್ರಾಲಿಕ್ ಮೆಕ್ಯಾನಿಕ್):

ಪಂಪ್ ಬಗ್ಗೆ ಕೇಳಿದ್ದೀರಿ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇಂತಹ ಅಳವಡಿಕೆಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ.

ನಿಮ್ಮ ಯಂತ್ರದಲ್ಲಿ ಒಂದು ಪಂಪ್ ಒಂದು ಮೋಟಾರನ್ನು ತಿರುಗಿಸುತ್ತದೆ; ಆ ಮೋಟಾರ್ ಗೇರ್‌ಬಾಕ್ಸ್ ಮೂಲಕ ಮುಂದಿನ ಗಾಲಿಗಳನ್ನು ನಡೆಸುತ್ತದೆ. ಹಿಂದೆ ಎರಡು ವೀಲ್ ಮೋಟಾರ್ ಸೇರಿಸಿದಾಗ ಅದೇ ಪಂಪಿನ ಆಯಿಲ್ ಮೂರು ಕಡೆಗೆ ಹಂಚಿಹೋಗುತ್ತದೆ. ಒತ್ತಡ ಎಲ್ಲರಿಗೂ ಒಂದೇ, ಆದರೆ ಹರಿವು ಹಂಚಿಕೆಯಾಗುವುದರಿಂದ ವೇಗ ಇಳಿಯುತ್ತದೆ. ಯಂತ್ರ ಒಂದು ಮೀಟರ್ ಸಾಗಲು ಮುಂದಿನ ಮೋಟಾರ್ 840 ಸಿಸಿ ಆಯಿಲ್ ತೆಗೆದುಕೊಳ್ಳುತ್ತದೆ, ಹಿಂದಿನ ಎರಡೂ ಸೇರಿ 390 ಸಿಸಿ ತೆಗೆದುಕೊಳ್ಳುತ್ತವೆ ಎಂದಿಟ್ಟುಕೊಂಡರೆ, ಗಂಟೆಗೆ 6 ಕಿ.ಮೀ. ಹೋಗುತ್ತಿದ್ದ ಯಂತ್ರ ಹಿಂದಿನ ಚಾಲನೆ ಹಾಕಿದೊಡನೆ ಸುಮಾರು 4 ಕಿ.ಮೀ.ಗೆ ಇಳಿಯುತ್ತದೆ. ತಳ್ಳುವ ಬಲವೂ ಇದೇ 840ಕ್ಕೆ 390ರ ಪ್ರಮಾಣದಲ್ಲಿಯೇ ಹಂಚಿಕೆಯಾಗುತ್ತದೆ. ಒಂದು ಸುತ್ತು ತಿರುಗಲು 800 ಸಿಸಿ ಆಯಿಲ್ ಹಿಡಿಯುವ ಹಿಂದಿನ ವೀಲ್ ಮೋಟಾರ್ 350 ಬಾರ್ ಒತ್ತಡದಲ್ಲಿ ಸುಮಾರು 4,450 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡಬಲ್ಲದು, 65 ಸೆಂ.ಮೀ. ತ್ರಿಜ್ಯದ ಗಾಲಿಯಲ್ಲಿ ಇದು 700 ಕೆಜಿ ತೂಕದಷ್ಟು ತಳ್ಳುಬಲ, ಎರಡೂ ಸೇರಿ 1,400. ಇದು ನಷ್ಟಗಳನ್ನು ಕಳೆಯದ ಲೆಕ್ಕ. ಮೇಲಿನವರು ಹೇಳಿದ 800 ಕೆಜಿಯ ಹೊರೆ ಕಳೆದು ಒಂದಿಷ್ಟು ಉಳಿಯುತ್ತದೆ ಎಂಬುದು ಇದರಿಂದಲೂ ತಿಳಿಯುತ್ತದೆ.

ಇನ್ನು ದುರ್ಬಲ ಜಾಗ. ಆಯಿಲ್ ಯಾವಾಗಲೂ ತಡೆ ಕಡಿಮೆ ಇರುವ ಕಡೆಗೇ ಓಡುತ್ತದೆ. ಮುಂದಿನ ಒಂದು ಗಾಲಿ ಹಿಡಿತ ಕಳೆದುಕೊಂಡು ಸುಮ್ಮನೆ ತಿರುಗತೊಡಗಿದರೆ ಇಡೀ ಸರ್ಕ್ಯೂಟ್‌ನ ಒತ್ತಡ ಕುಸಿಯುತ್ತದೆ, ಅತ್ಯಂತ ಅಗತ್ಯವಿರುವ ಆ ಗಳಿಗೆಯಲ್ಲಿಯೇ ಹಿಂದಿನ ಮೋಟಾರ್‌ಗಳು ಬಲಗುಂದುತ್ತವೆ. ಆಗ ತಿರುಗುತ್ತಿರುವ ಗಾಲಿಯ ಬದಿಯ ಬ್ರೇಕನ್ನು ಮೆಲ್ಲನೆ ಒತ್ತಿದರೆ ಒತ್ತಡ ಮತ್ತೆ ಏರುತ್ತದೆ, ಎದುರು ಬದಿಯ ಮುಂದಿನ ಗಾಲಿಯೂ ಹಿಂದಿನ ಗಾಲಿಗಳೂ ಕೆಲಸಕ್ಕೆ ಬರುತ್ತವೆ. ಹರಿವನ್ನು ಪಾಲು ಮಾಡುವ ವಾಲ್ವ್ ಹಾಕಿಯೂ ಇದನ್ನು ತಡೆಯಬಹುದು, ಆದರೆ ಆಯಿಲ್ ಹೆಚ್ಚು ಕಾಯುತ್ತದೆ.

ಪಂಪ್ ಹಳೆಯದಾಗಿದ್ದರೆ ಅಳವಡಿಕೆಗೆ ಮುನ್ನ ಚಾರ್ಜ್ ಒತ್ತಡವನ್ನು (ಸೋರಿಹೋದ ಆಯಿಲನ್ನು ತುಂಬಿಕೊಡುವ ಸಣ್ಣ ಚಾರ್ಜ್ ಪಂಪಿನ ಒತ್ತಡ) ಗೇಜ್ ಹಾಕಿ ನೋಡಲೇಬೇಕು. ಆಯಿಲ್ ಚೆನ್ನಾಗಿ ಕಾದ ಮೇಲೆ, ಯಂತ್ರ ಎಳೆಯುತ್ತಿರುವಾಗಲೇ ಅಳೆಯಿರಿ. ತಣ್ಣಗಿರುವಾಗ ಸವೆದ ಪಂಪೂ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಹೊಸ ಮೋಟಾರ್‌ಗಳ ಒಳಸೋರಿಕೆಯನ್ನೂ ಆ ಚಾರ್ಜ್ ಪಂಪೇ ತುಂಬಿಕೊಡಬೇಕಾಗಿರುವುದರಿಂದ, ಈಗಲೇ ಕೈಪಿಡಿಯಲ್ಲಿ ಹೇಳಿದ ಮಟ್ಟಕ್ಕಿಂತ ಕೆಳಗಿದ್ದರೆ ಮುಂದೆ ಹೋಗಬೇಡಿ. ಇನ್ನೊಂದು ಮಾತು: ಪ್ರತಿ ವೀಲ್ ಮೋಟಾರ್‌ನ ಕೇಸ್ ಡ್ರೈನ್ ಪೈಪನ್ನು (ಒಳಗೆ ಸೋರಿದ ಆಯಿಲ್ ಹೊರಹೋಗುವ ಪೈಪು) ಯಾವ ಅಡ್ಡಿಯೂ ಇಲ್ಲದೆ, ತಯಾರಕರು ಹೇಳಿದ ದಾರಿಯಲ್ಲಿಯೇ ಟ್ಯಾಂಕಿಗೆ ಸೇರಿಸಿ. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಶಾಫ್ಟ್ ಸೀಲನ್ನು ಹೊರಕ್ಕೆ ದೂಡಿಬಿಡುತ್ತದೆ.

ಪ್ರಶ್ನಿಸಿದವರು:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಗುಜರಿಗೆ ಹೋಗುತ್ತಿರುವ ಅದೇ ಮಾದರಿಯ ಯಂತ್ರವೊಂದರಿಂದ ಚಾಲನೆಯುಳ್ಳ ಹಿಂದಿನ ಆಕ್ಸಲ್ ಪೂರ್ತಿಯಾಗಿ ಸಿಗುವ ಸಾಧ್ಯತೆಯಿದೆ. ಅದನ್ನು ಕೊಳ್ಳುವಾಗ ಏನನ್ನು ಗಮನಿಸಬೇಕು? ಬೆಲ್ಟ್ ವೇರಿಯೇಟರ್ (ಬೆಲ್ಟ್‌ನಿಂದ ವೇಗ ಬದಲಿಸುವ ವ್ಯವಸ್ಥೆ) ಇರುವ ನಮ್ಮ ಇನ್ನೊಂದು ಯಂತ್ರಕ್ಕೂ ಇದೇ ರೀತಿ ಮಾಡಬಹುದೇ?

ಉತ್ತರ (ಹೈಡ್ರಾಲಿಕ್ ಮೆಕ್ಯಾನಿಕ್):

ಬೆಲ್ಟ್ ಯಂತ್ರದ ಆಲೋಚನೆಯನ್ನು ಕೈಬಿಡಿ. ಅದರಲ್ಲಿ ಹಂಚಿಕೊಳ್ಳಲು ಹೈಡ್ರೋಸ್ಟ್ಯಾಟಿಕ್ ಪಂಪೇ ಇಲ್ಲ. ಬೇರೆ ಪಂಪ್ ಕೂರಿಸಿದರೂ ಗೇರ್, ಕ್ಲಚ್ ಮತ್ತು ಬೆಲ್ಟಿನ ಬದಲಾಗುವ ವೇಗಕ್ಕೆ ಹಿಂದಿನ ಗಾಲಿಗಳ ವೇಗವನ್ನು ಹೊಂದಿಸುವುದು ಬಹಳ ಕಷ್ಟ.

ಆಕ್ಸಲ್ ಜೊತೆಗೆ ಕಂಟ್ರೋಲ್ ವಾಲ್ವ್, ಅಧಿಕ ಒತ್ತಡದ ಹೋಸ್‌ಗಳು ಮತ್ತು ವೈರಿಂಗ್ ಎಲ್ಲವನ್ನೂ ಕೇಳಿ ತೆಗೆದುಕೊಳ್ಳಿ, ಬಿಡಿಯಾಗಿ ಹುಡುಕುವಾಗ ಅವೇ ದುಬಾರಿಯಾಗುತ್ತವೆ. ಹೋಸ್‌ಗಳನ್ನು ಅಳತೆಗೆ ಮಾತ್ರ ಇಟ್ಟುಕೊಂಡು ಹೊಸದನ್ನೇ ಮಾಡಿಸಿ. ಕೇಸ್ ಡ್ರೈನ್ ಬಿಚ್ಚಿ ಒಳಗಿನ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಸುರಿದು ನೋಡಿ: ಹಿತ್ತಾಳೆಯ ಬಣ್ಣದ ಹೊಳಪಾಗಲಿ, ಉಗುರಿಗೆ ಸಿಗುವ ಲೋಹದ ಚೂರಾಗಲಿ ಕಂಡರೆ ಆ ಮೋಟಾರ್ ನಿಮ್ಮ ಒಳ್ಳೆಯ ಪಂಪನ್ನೂ ಕೆಡಿಸುತ್ತದೆ. ಆಕ್ಸಲ್‌ನ ನಡುವಿನ ಪಿನ್ ಮತ್ತು ಸ್ಟೇರಿಂಗ್ ಕೀಲುಗಳ ಸಡಿಲಿಕೆಯನ್ನೂ ಪರೀಕ್ಷಿಸಿ, ಏಕೆಂದರೆ ಚಾಲನೆ ಬಂದ ಮೇಲೆ ಅವುಗಳ ಮೇಲಿನ ಒತ್ತಡ ಮೊದಲಿಗಿಂತ ಹೆಚ್ಚುತ್ತದೆ.

ಉತ್ತರ (ಭತ್ತ ಬೆಳೆಗಾರ):

ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೂ ಮೊದಲ ಖರ್ಚು ಟೈರಿಗೆ ಆಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಿಂದೆ ಈಗಿರುವುದು ಗೀರುಗಳಷ್ಟೇ ಇರುವ ಸ್ಟೇರಿಂಗ್ ಟೈರ್ ಆಗಿದ್ದರೆ ಅದಕ್ಕೆ ಮೋಟಾರ್ ಹಾಕಿ ಫಲವಿಲ್ಲ. ಟ್ರ್ಯಾಕ್ಟರಿನಂತೆ ಆಳವಾದ ಗುಬುಟಿರುವ ಅಗಲ ಟೈರ್ ಬೇಕು. ಮುಂದೆಯೂ ಅಗಲ ಟೈರ್ ಅಥವಾ ಜೋಡಿ ಗಾಲಿ ಹಾಕಿ, ಟ್ಯಾಂಕ್ ಅರ್ಧ ತುಂಬಿದೊಡನೆ ಖಾಲಿ ಮಾಡುತ್ತಾ ಹೋದರೆ ಯಂತ್ರ ಹೂಳುವುದೇ ಬಹಳಷ್ಟು ತಪ್ಪುತ್ತದೆ. ಹಿಂದಿನ ಚಾಲನೆ ಇದೆಯೆಂಬ ಧೈರ್ಯದಲ್ಲಿ ತುಂಬಿದ ಟ್ಯಾಂಕಿನೊಂದಿಗೆ ಒಳಕ್ಕೆ ನುಗ್ಗಿದರೆ ಯಂತ್ರ ಇನ್ನಷ್ಟು ದೂರ ಹೋಗಿ ಇನ್ನಷ್ಟು ಆಳಕ್ಕೆ ಇಳಿಯುತ್ತದೆ, ಮತ್ತು ಆ ಭಾರಕ್ಕೆ ಅಡಿಮಣ್ಣು ಗಟ್ಟಿಯಾದದ್ದು ಮುಂದಿನ ಬೆಳೆಯ ಬೇರಿಗೂ ತೊಡಕಾಗುತ್ತದೆ.

ಪ್ರಶ್ನಿಸಿದವರು:

ಹಿಂದೆ ಗುಬುಟಿನ ಟೈರ್ ಮೊದಲೇ ಇದೆ, ಆದರೆ ಬಾಣದ ಗುರುತು ಹಿಮ್ಮುಖವಾಗಿದೆ. ಹಾಗೆಯೇ ಬಿಡಬಹುದೇ? ರಸ್ತೆಯಲ್ಲಿ ಹೋಗುವಾಗ ಏನು ಮಾಡಬೇಕು?

ಉತ್ತರ (ಗುತ್ತಿಗೆ ಕೊಯ್ಲುಗಾರ):

ಚಾಲನೆಯಿಲ್ಲದೆ ಉರುಳುವ ಗಾಲಿಗೆ ಹಾಗೆ ಹಿಮ್ಮುಖವಾಗಿ ಹಾಕುವ ರೂಢಿಯಿದೆ. ಚಾಲನೆ ಬಂದ ಮೇಲೆ ಬಾಣ ಮುಂದಕ್ಕೆ ಉರುಳುವ ದಿಕ್ಕಿಗೇ ಇರುವಂತೆ ಎಡಬಲ ಬದಲಿಸಿ, ಇಲ್ಲವಾದರೆ ಗುಬುಟಿನ ನಡುವಿನ ಕೆಸರು ಹೊರಬೀಳದೆ ಟೈರ್ ನುಣ್ಣಗಾಗುತ್ತದೆ. ರಸ್ತೆಗೆ ಬರುವ ಮುನ್ನ ಹಿಂದಿನ ಚಾಲನೆಯ ಸ್ವಿಚ್ ಆಫ್ ಮಾಡಿ ಆ ಗಾಲಿಗಳು ನಿರಾತಂಕವಾಗಿ ಉರುಳುತ್ತಿವೆಯೇ ಎಂದು ನೋಡಿಕೊಳ್ಳಿ. ಮೋಟಾರ್‌ಗಳನ್ನು ಅವುಗಳಿಗೆ ಗೊತ್ತುಪಡಿಸಿದ ವೇಗ ಮೀರಿ ತಿರುಗಿಸಬಾರದು. ಗದ್ದೆಯಲ್ಲಿ ಮಾತ್ರ ಯಂತ್ರ ಸಿಕ್ಕಿಕೊಂಡ ಮೇಲೆ ಸ್ವಿಚ್ ಹುಡುಕಬೇಡಿ, ಹಸಿ ಜಾಗಕ್ಕೆ ಇಳಿಯುವ ಮೊದಲೇ ಹಾಕಿಕೊಂಡು ಹೋಗಿ.